ಬ್ಯಾಡಗಿ ಬಣ್ಣದ ರಿಯೋಹಾ

ಬಾಟಲಿ ನನ್ನ ಕಿವಿ ಸವರಿಕೊಂಡು ಹೋಗಿ ಹಿಂದಿನ ಗೋಡೆಗೆ ಅಪ್ಪಳಿಸಿತು.

ಢಮ್!

ಕುತ್ತಿಗೆ ಮೇಲೆ ಏನೋ ಒದ್ದೆ. ಮುಟ್ಟಿ ನೋಡಿಕೊಂಡೆ. ರಕ್ತವಲ್ಲ, ವೈನು. ಎರಡನೆಯ ಬಾಟಲಿ ಆಗಲೇ ಅವನ ಕೈಯಲ್ಲಿ ಮೇಲೆದ್ದಿತ್ತು.

"ಒಂದ್ ಹೆಜ್ಜಿ ಮುಂದ ಬಂದ್ರ ತಲಿ ಒಡೀತೇನಿ!"

"ಒಡಿ ನೋಡೂನು!"

ಒಂದಲ್ಲ, ಮೂರು ಹೆಜ್ಜೆ ಹಾಕಿದೆ. ಅವನು ಎಸೆಯುವ ಮೊದಲೇ ಮುಂಗೈ ಹಿಡಿದು ತಿರುವಿದೆ. "ಯವ್ವಾ!" ಎಂದು ಕುಸಿದು ಕೂತ. ಬಾಟಲಿ ನನ್ನ ಕೈಗೆ ಬಂತು.

ಬೆಳಗಿನ ಹತ್ತು ಗಂಟೆ. ರಾಣೇಬೆನ್ನೂರಿನ ಸ್ಟೇಷನ್ ರೋಡಿನ ಹಿಂದೆ ಒಂದು ಗೋಡೌನು. ಅವನ ಹೆಸರು ವೀರೇಂದ್ರ. ಗೋವಾದ ಕಡೆಯಿಂದ ಸ್ಪೇನ್ ವೈನ್ ತರಿಸಿ ಮಾರುವ ಏಜೆಂಟು.

ನಾನು ಮೈಲಾರೆಪ್ಪ. ಹಾವೇರಿ ಕೋರ್ಟಿನ ಎದುರು, ಝೆರಾಕ್ಸ್ ಅಂಗಡಿಯ ಮೇಲೆ, ಒಂದು ಟೇಬಲ್, ಎರಡು ಕುರ್ಚಿ. ಅದೇ ನನ್ನ ಆಫೀಸು. ಹದಿನಾಲ್ಕು ವರ್ಷ ಪೊಲೀಸ್ ಕೆಲಸದಲ್ಲಿದ್ದೆ. ಒಬ್ಬ ಸಾಹೇಬರ ಕೆನ್ನೆಗೆ ಬಾರಿಸಿದ ಮೇಲೆ ಇಲ್ಲ. ಈಗ ಕಾಣೆಯಾದವರನ್ನು ಹುಡುಕಿಕೊಡುತ್ತೇನೆ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹೆಂಡತಿ ಹೇಳುತ್ತಾಳೆ. ಸುಳ್ಳಲ್ಲ.

ಆದರೆ ಅವತ್ತಿನ ಸಿಟ್ಟು ಮೂಗಿನಲ್ಲಿರಲಿಲ್ಲ, ಹೊಟ್ಟೆಯೊಳಗಿತ್ತು!

ಯಾಕೆ ಗೊತ್ತೇ? ಮೈಲಪ್ಪ ಅಂತ ಒಬ್ಬನಿದ್ದಾನೆ. ನಮ್ಮ ಕರ್ಜಗಿಯವನು. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಒಂದೇ ಬಡಿಗೆಯಿಂದ ಏಟು ತಿಂದವರು ನಾವು. ಈಗ ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಹಮಾಲ. ಶನಿವಾರ ಮಾಲು ಹೊರುವಾಗ ಒಡೆದ ಪೆಟ್ಟಿಗೆಯಿಂದ ಒಂದು ಸ್ಪೇನ್ ಬಾಟಲಿ ಎತ್ತಿ ಮನೆಗೆ ಒಯ್ದ. ಮುಕ್ಕಾಲು ಬಾಟಲಿ ಖಾಲಿ ಮಾಡಿದ. ಭಾನುವಾರ ಎದ್ದವನು ಹೆಂಡತಿಯನ್ನು ಕೇಳಿದ: "ಯಾಕ, ಇನ್ನೂ ಬೆಳಕ ಹರದಿಲ್ಲೇನ?"

ಹೊರಗೆ ಹತ್ತು ಗಂಟೆಯ ಬಿಸಿಲು!

ಹಾವೇರಿಯ ದೊಡ್ಡಾಸ್ಪತ್ರೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ. ನಾನು ಅವನ ಕೈ ಹಿಡಿದು ಕೂತಿದ್ದಾಗಲೇ ನನ್ನನ್ನು ಹುಡುಕಿಕೊಂಡು ಬಂದವರು ವಿಜಯಮಹಾಂತೇಶ ಸಾವ್ಕಾರರು. ಆ ಕೋಲ್ಡ್ ಸ್ಟೋರೇಜಿನ ಮಾಲಕ. ಮೂರು ತಲೆಮಾರಿನ ಮೆಣಸಿನಕಾಯಿ ವ್ಯಾಪಾರಿ. ಹೊಸದಾಗಿ ವೈನಿಗೆ ಕೈ ಹಾಕಿದ್ದರು.

"ಗೋವಾದ ಏಜೆಂಟ ಮೋಸ ಮಾಡ್ಯಾನಪಾ," ಎಂದರು. "ಒಂದ್ ಪೆಟಗಿ ಕೆಟ್ಟದ್ದ ಹಾಕ್ಯಾನ. ಅದನ್ನ ಈ ಬಡವ ಕುಡದ. ಮ್ಯಾಲ ನನ್ನ ಕಡೆ ಕೆಲಸಕ್ಕಿದ್ದ ಹುಡುಗೀನೂ ಹಾರಿಸ್ಕೊಂಡ್ ಹೋಗ್ಯಾನ. ಸುಚಿತ್ರಾ ಅಂತ, ಐದ್ ವರ್ಷ ಗೋವಾದ ಹೊಟೇಲಿನಾಗ ವೈನ್ ಕೆಲಸ ಮಾಡಿ ಬಂದಾಕಿ. ನಾಳೆ ಮಧ್ಯಾಹ್ನ ಹೈವೇ ರೆಸಾರ್ಟಿನಾಗ ರಿಯೋಹಾ ವೈನ್ ಪರಿಚಯ ಮಾಡಿಕೊಡೂದು ಅಕೀನ. ಹುಬ್ಬಳ್ಳಿ, ದಾವಣಗೆರಿ ಹೊಟೇಲಿನವರು ಬರ್ತಾರ. ಅಕಿ ಹೂಂ ಅಂದ್ರ ಮಾಲು ಎತ್ತತಾರ. ಹುಡುಕಿ ಕೊಡು."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ನಾನಲ್ಲ. ಆದರೂ ಅವತ್ತು ಕಟ್ಟಿದೆ!

ಈಗ ವೀರೇಂದ್ರನ ಕೊರಳಪಟ್ಟಿ ಹಿಡಿದು ಎತ್ತಿದೆ. ಎಡಗಣ್ಣು ಬದನೆಕಾಯಿಯಂತೆ ಊದಿತ್ತು. ನಾನು ಹೊಡೆದದ್ದಲ್ಲ.

"ಹುಡುಗಿ ಎಲ್ಲಿ?"

"ನನಗೇನ್ ಗೊತ್ರಿ! ನಿನ್ನಿ ಇಬ್ಬರು ಬಂದು ಇದನ್ನ ಕೇಳಿ ಬಡದ್ ಹೋದ್ರು. ನೀವು ಮೂರನೇಯಾವ್ರು."

"ಯಾರ ಕಳಿಸಿದ್ದು?"

"ಹೇಳಿ ಬಡೀತಾರೇನ್ರಿ?"

ಬ್ಯಾಗಿನಿಂದ ಮೈಲಪ್ಪನ ಮನೆಯಲ್ಲಿ ಉಳಿದಿದ್ದ ಬಾಟಲಿ ತೆಗೆದು ಅವನ ಮೂಗಿಗೆ ಹಿಡಿದೆ. ತಳದಲ್ಲಿ ಕಾಲು ಭಾಗ ಇತ್ತು. ಹಿಂದೆ ನೀಲಿ ಮುದ್ರೆ.

"ಇದು ನಿಂದು! ಒಬ್ಬಾಂವನ ಕಣ್ಣ ಹೋಗ್ಯಾವ!"

ಅವನು ಬಾಟಲಿಯನ್ನು ಬೆಳಕಿಗೆ ಹಿಡಿದ. ನೋಡಿದ. ಸಿಟ್ಟಿನಿಂದ ಅವನ ಮುಖವೇ ಕೆಂಪೇರಿತು. ಪಕ್ಕದ ಚಹದ ಅಂಗಡಿಯಿಂದ ಎರಡು ಗಾಜಿನ ಗ್ಲಾಸು ತಂದ. ಒಂದಕ್ಕೆ ಮೈಲಪ್ಪನ ಬಾಟಲಿಯದು ಸುರಿದ. ಇನ್ನೊಂದಕ್ಕೆ ನನ್ನ ತಲೆ ಒಡೆಯಲು ಎತ್ತಿದ್ದ ಬಾಟಲಿಯ ಬಿರಡೆ ತೆಗೆದು ಸುರಿದ.

"ನೋಡ್ರಿ. ಎರಡಕ್ಕೂ ಚೀಟಿ ಒಂದ. ರಿಯೋಹಾ ಗ್ರಾನ್ ರೆಸೆರ್ವಾ, ಎರಡ್ ಸಾವಿರದ ಹನ್ನೆರಡು. ಏನ್ ಫರಕ್ ಐತಿ?"

ಅವನದು ಮಸುಕು. ಅಂಚಿನಲ್ಲಿ ಹಳೇ ಹೆಂಚಿನ ಬಣ್ಣ. ಮೈಲಪ್ಪನದು ಕೆಂಪೆಂದರೆ ಕೆಂಪು, ಥಳಥಳ ಹೊಳೆಯುತ್ತಿತ್ತು.

"ನಂದ ಚಲೋ ಕಾಣತೈತಿ," ಎಂದೆ.

"ಅದ ನೋಡ್ರಿ! ಗ್ರಾನ್ ರೆಸೆರ್ವಾ ಅಂದ್ರ ಕಡಿಮಿ ಅಂದ್ರೂ ಐದ್ ವರ್ಷ ಕಾದ ವೈನು. ಎರಡ್ ವರ್ಷ ಓಕ್ ಕಟಗಿ ಪೀಪಾಯಿ, ಎರಡ್ ವರ್ಷ ಬಾಟ್ಲಿ. ನೀಲಿ ಮುದ್ರಿ ಅದಕ್ಕ. ವಯಸ್ಸಾದಂಗ ಕೆಂಪು ಇಳೀತೈತಿ. ಇಳೀಬೇಕು! ಹನ್ನೊಂದ್ ವರ್ಷ ಈ ಧಂದೆ ಮಾಡೇನಿ. ನಾ ಡೂಪ್ಲಿಕೇಟ್ ಮಾಡಿದ್ರ ಬಣ್ಣ ಇಳಿಸಿ ಮಾಡ್ತಿದ್ದೆ. ಹನ್ನೆರಡು ವರ್ಷದ ವೈನಿಗೆ ಇಂಥಾ ಬಣ್ಣ ಹಾಕಾಂವ ಹುಚ್ಚ!"

ಹುಚ್ಚನಲ್ಲ...

ಬ್ಯಾಡಗಿಯಲ್ಲಿ ಬಣ್ಣಕ್ಕೇ ರೇಟು. ಖಾರಕ್ಕಲ್ಲ. ಕೋಲ್ಡ್ ಸ್ಟೋರೇಜಿನಿಂದ ತೆಗೆದ ಹೋದ ವರ್ಷದ ಕಾಯಿ ಬಣ್ಣ ಬಿಟ್ಟರೆ ಮೂಸಿ ನೋಡುವವರಿಲ್ಲ. ಅಲ್ಲಿ ಮೂರು ತಲೆಮಾರು ಬೆಳೆದವನ ಕೈ, ಮಸುಕಾದ ಮಾಲನ್ನು ಮಸುಕಾಗಿಯೇ ಗಿರಾಕಿಯ ಮುಂದೆ ಇಡುವುದಿಲ್ಲ. ಇಡಲು ಮನಸ್ಸೇ ಬರುವುದಿಲ್ಲ!

"ಸಾವ್ಕಾರ ನಿನ್ನ ಕಡೆ ಎಷ್ಟು ಪೆಟಗಿ ತಗೊಂಡಾನ?"

"ನಲವತ್ತು. ನಾಕನೂರು ಪೆಟಗಿ ಮಾರಾಕ ಹೊಂಟಾನ ಅಂತ ಸುಚಿತ್ರಾ ಫೋನ್ ಮಾಡಿ ಹೇಳಿದ್ಲು. 'ಇದು ರಿಯೋಹಾ ಅಲ್ಲ, ನಾ ಸ್ಟೇಜ್ ಮ್ಯಾಲ ಸುಳ್ಳ ಹೇಳೂದಿಲ್ಲ' ಅಂದ್ಲು. ಆಮ್ಯಾಲ ಫೋನ್ ಬಂದ್ ಆತು."

ಅಂದರೆ ಹುಡುಗಿಯನ್ನು ಯಾರೂ ಹಾರಿಸಿಕೊಂಡು ಹೋಗಿರಲಿಲ್ಲ. ಅವಳು ತಲೆ ಮರೆಸಿಕೊಂಡಿದ್ದಳು. ಅವಳನ್ನು ಮೂಸಿ ಹಿಡಿಯಲು ಬಿಟ್ಟ ನಾಯಿ ನಾನು!

ಅರ್ಧ ಗಂಟೆಯ ಹಿಂದಷ್ಟೇ ಆ ನಾಯಿ ಬೊಗಳಿಯೂ ಆಗಿತ್ತು. ಸಾವ್ಕಾರನಿಗೆ ಫೋನ್ ಮಾಡಿ ಹೇಳಿದ್ದೆ: ಹುಡುಗಿಯ ತಾಯಿ ಭರಮವ್ವ ಬ್ಯಾಡಗಿಯ ಶೆಡ್ಡಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾಳೆ, ಹುಡುಗಿ ಅಲ್ಲೇ ಇದ್ದರೂ ಇರಬಹುದು. "ಶಾಬಾಸ್! ನೀ ರಾಣೇಬೆನ್ನೂರ ನೋಡು, ಬ್ಯಾಡಗಿ ನಾ ನೋಡ್ತೇನಿ," ಎಂದಿದ್ದ.

ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸಿತು. ಹೊಡೆದುಕೊಳ್ಳಲು ಟೈಮ್ ಇರಲಿಲ್ಲ.

"ಈ ಎರಡೂ ಬಾಟ್ಲಿ ತಗೊಂಡು ಹಾವೇರಿಗೆ ನಡಿ. ಅಫ್ರೀನ್ ಮೇಡಂ ಅಂತ ಎಸ್ಐ. ನನ್ನ ಹೆಸರ ಹೇಳು. ಈಗ ನನಗ ಹೇಳಿದ್ದನ್ನ ಅವರಿಗೂ ಹೇಳು."

"ಬೈಕಿಗೆ ಪೆಟ್ರೋಲ್ ಇಲ್ರಿ..."

"ಬಸ್ಸಿಗೆ ಸಾಯಿ!"

ಪಲ್ಸರ್ ಒದ್ದೆ.

ಮೋಟೆಬೆನ್ನೂರಿಗೆ ಬರುವಷ್ಟರಲ್ಲಿ ಕನ್ನಡಿಯಲ್ಲಿ ಒಂದು ಬೈಕು ಕಂಡಿತು. ಇಬ್ಬರು. ಹಿಂದಿನವನ ಕೈಯಲ್ಲಿ ಕಬ್ಬಿಣದ ಸಲಾಕೆ. ವೀರೇಂದ್ರನ ಕಣ್ಣು ಊದಿಸಿದವರು. ಸಾವ್ಕಾರ ಗೋಡೌನು ಕಾಯಲು ಬಿಟ್ಟಿದ್ದ, ನಾನು ಬ್ಯಾಡಗಿ ಕಡೆ ಹೊರಟಿದ್ದು ನೋಡಿ ಬೆನ್ನು ಹತ್ತಿದ್ದರು ಅಂತ ಕಾಣುತ್ತದೆ. ಪಕ್ಕಕ್ಕೆ ಬಂದರು. ಸಲಾಕೆ ಬೀಸಿದರು. ಹೆಡ್‌ಲೈಟು ಪುಡಿ!

"ನಿಲ್ಲಸಲೇ ಮೈಲಾರ್‍ಯಾ!"

ನಿಲ್ಲಿಸಲಿಲ್ಲ. ಸರ್ವಿಸ್ ರೋಡಿಗೆ ಇಳಿದೆ. ಅಲ್ಲಿ ರೈತರು ಗೋವಿನಜೋಳ ಒಣಹಾಕಿದ್ದರು, ಉದ್ದಕ್ಕೂ, ಅರ್ಧ ರಸ್ತೆ. ನಾನು ಈ ಸೀಮೆಯವನು. ಜನವರಿಯಲ್ಲಿ ಆ ರಸ್ತೆಯ ಯಾವ ಬದಿ ಖಾಲಿ ಇರುತ್ತದೆ ಎಂದು ನನಗೆ ಗೊತ್ತು. ಕೊನೆಯ ಕ್ಷಣದಲ್ಲಿ ಬಲಕ್ಕೆ ಎಳೆದೆ. ಅವರು ನೇರ ಕಾಳಿನ ಮೇಲೆ!

ಬೈಕು ಒಂದು ಕಡೆ, ಇಬ್ಬರು ಎರಡು ಕಡೆ, ಮೊಬೈಲು ಚೂರುಚೂರು; ಸಾವ್ಕಾರನಿಗೆ ಸುದ್ದಿ ಮುಟ್ಟಿಸುವಂತಿರಲಿಲ್ಲ. ಹಿಂದೆ ಒಬ್ಬ ಮುದುಕ ಬಾರುಕೋಲು ಹಿಡಿದು ಅವರತ್ತ ಓಡಿಬರುತ್ತಿದ್ದ. ಜೋಳ ಚೆಲ್ಲಿದ್ದಕ್ಕೆ ಅವನಿಗೆ ನನಗಿಂತ ಸಿಟ್ಟು ಬಂದಿತ್ತು.

ಬ್ಯಾಡಗಿಯ ಆ ಶೆಡ್ಡಿನಲ್ಲಿ ನಲವತ್ತು ಹೆಂಗಸರು ಕೆಂಪು ರಾಶಿಯ ಸುತ್ತ ಕೂತು ತೊಟ್ಟು ಬಿಡಿಸುತ್ತಿದ್ದರು. ಎಲ್ಲರ ಮುಖಕ್ಕೂ ಸೆರಗು ಸುತ್ತಿತ್ತು. ಕಣ್ಣಷ್ಟೇ ಕಾಣುತ್ತಿತ್ತು. ಪಕ್ಕದಲ್ಲೇ ಸಾವ್ಕಾರನ ಕೋಲ್ಡ್ ಸ್ಟೋರೇಜು. ಸದ್ಯ, ಅವನ ಜೀಪು ಇನ್ನೂ ಬಂದಿರಲಿಲ್ಲ.

"ಭರಮವ್ವ ಯಾರ್ರಿ?"

ತುದಿಯಲ್ಲಿ ಕೂತಿದ್ದ ದಪ್ಪ ಹೆಂಗಸು ತಲೆ ಎತ್ತಿದಳು. "ನಾನ. ಏನಾಗಬೇಕಿತ್ತು?"

"ಮಗಳು ಎಲ್ಲಿ?"

"ಗೋವಾಕ್ಕ ಹೋಗ್ಯಾಳ. ನಿನಗ್ಯಾಕ ಬೇಕೋ ಭಾಡ್ಯಾ?"

"ಆಕ್ಷೀ!"

ಒಬ್ಬಳು ಸೀನಿದಳು. ನಲವತ್ತು ಜನರಲ್ಲಿ ಒಬ್ಬಳೇ ಒಬ್ಬಳು. ಮತ್ತೊಮ್ಮೆ ಸೀನಿದಳು. ಬ್ಯಾಡಗಿಯಲ್ಲೇ ಇರುವವರ ಮೂಗು ಘಾಟಿಗೆ ಜಗ್ಗುವುದಿಲ್ಲ. ಸೀನುವವರು ಪರ ಊರಿನವರು, ಇಲ್ಲವೇ ಐದು ವರ್ಷ ಸಮುದ್ರದ ಗಾಳಿ ಕುಡಿದು ಬಂದವರು. ನನ್ನ ಮೂಗೂ ಸೋರುತ್ತಿತ್ತು, ಅದು ಬೇರೆ ಮಾತು.

ಅವಳ ಹತ್ತಿರ ಕುಕ್ಕರಗಾಲಲ್ಲಿ ಕೂತೆ. "ಸುಚಿತ್ರಾ, ನಾ ವೀರೇಂದ್ರನ ಕಡೆಯಿಂದ ಬಂದೇನಿ. ಏಳು. ಸಾವ್ಕಾರ ಬರಾಕತ್ತಾನ."

ಕಣ್ಣು ನೀರಾಡುತ್ತಿತ್ತು. ಘಾಟಿಗೋ, ಭಯಕ್ಕೋ. "ಸಾವ್ಕಾರನ ಸ್ಟೋರೇಜಿನ ಹಿಂದಿನ ಚೇಂಬರಿನಾಗ ಕೋಣಿ ಐತಿ ಕಾಕಾ. ಅಲ್ಲೇ ಕಲಸ್ತಾರ. ಖರೇ ವೈನು ಸ್ವಲ್ಪ, ಬಣ್ಣ, ಯಾವುದೋ ಕಾರ್ಖಾನಿ ಸ್ಪಿರಿಟ್. ನಾ ಕಣ್ಣಾರೆ ನೋಡೇನಿ."

ಅಷ್ಟರಲ್ಲಿ ಬಾಗಿಲಲ್ಲಿ ಜೀಪು ನಿಂತಿತು. ಸಾವ್ಕಾರ ಇಳಿದ. ಜೊತೆಗೆ ನಾಲ್ವರು.

"ಮೈಲಾರೆಪ್ಪಾ! ನನಗಿಂತ ಮೊದಲ ಮುಟ್ಟೀದಿ! ಮೆಚ್ಚಿದೆ!"

ನಾನು ಹಲ್ಲು ಬಿಟ್ಟೆ. ನಾಲ್ವರ ಮುಂದೆ ಒಬ್ಬನೇ ಹುಲಿಯಾಗುವುದಕ್ಕಿಂತ ಇನ್ನೊಂದು ತಾಸು ನಾಯಿಯಾಗಿರುವುದು ಮೇಲು.

ಸಾವ್ಕಾರ ಸುಚಿತ್ರಾಳ ಮುಖದ ಬಟ್ಟೆ ಎಳೆದ. "ನಡಿಯವಾ. ಜನಾ ಕಾಯಾಕತ್ತಾರ. ಎರಡ್ ಚಲೋ ಮಾತು ಹೇಳಿ, ಗುಟುಕು ಕುಡಿಸಿ ಕಳಸು."

"ಅದನ್ನ ಕುಡದ ಮೈಲಪ್ಪಗ ಕಣ್ಣ ಹೋಗ್ಯಾವ!"

"ಅಂವ ಬಾಟ್ಲಿಗಟ್ಟಲೆ ಕುಡದಾನ. ಗುಟುಕಿಗೆ ಏನ್ ಆಗತೈತಿ?" ನಗುತ್ತಲೇ ಭರಮವ್ವನ ಕಡೆ ಬೊಟ್ಟು ಮಾಡಿದ. "ನೀ ಬರೂತನಕ ನಿಮ್ಮವ್ವ ತಂಪಾಗಿ ಒಳಗ ಕುಂದರ್ಲಿ. ನೀ ಸರಿಯಾಗಿ ಮಾತಾಡಿದ್ರ ತಗಸ್ತೇನಿ. ಇಲ್ಲಾಂದ್ರ... ಆ ಕೋಣಿಗೆ ಚೀಲ ಅಡ್ಡ ಪೇರಿಸಿದ್ರ ಉಗಾದಿತನಕ ಯಾರೂ ತಗಿಯೂದಿಲ್ಲ."

ಇಬ್ಬರು ಭರಮವ್ವನನ್ನು ಎಳೆದುಕೊಂಡು ಹೋದರು. ನಲವತ್ತು ಹೆಂಗಸರು ಎದ್ದು ನಿಂತರು. ಒಬ್ಬಳೂ ಹೆಜ್ಜೆ ಮುಂದಿಡಲಿಲ್ಲ. ಅವರ ಕೂಲಿ ಅವನ ಕೈಯಲ್ಲಿತ್ತು. ಉಗುರು ಅಂಗೈಗೆ ಚುಚ್ಚುವಷ್ಟು ಮುಷ್ಟಿ ಬಿಗಿದೆ. ಆದರೆ ಎತ್ತಲಿಲ್ಲ.

ಸುಚಿತ್ರಾಳ ಮೊಬೈಲು ರಾಶಿಯಲ್ಲಿ ಬಿದ್ದಿತ್ತು. ಎತ್ತಿಕೊಂಡೆ. ಧೂಳು ಒರೆಸುವ ನೆಪದಲ್ಲಿ ಲಾಕ್ ತೆಗೆಯಲು ಅವಳ ಹೆಬ್ಬೆರಳಿಗೆ ಒತ್ತಿ, ಏರೋಪ್ಲೇನ್ ಮೋಡ್ ತೆಗೆದು, ನನ್ನ ನಂಬರಿಗೆ ಕರೆ ಹಚ್ಚಿದೆ.

"ತಗೋ ತಂಗಿ, ಬೇಕಾಗತೈತಿ. ಉದ್ದಕ ಮಾತಾಡು. ಅರ್ಧಕ್ಕ ನಿಲ್ಲಸಬ್ಯಾಡ. ಪರದೇ ನೋಡಿಕೋತ ಇರು."

ಅವಳು ನನ್ನ ಕಣ್ಣು ನೋಡಿದಳು. ಜಾಣೆ!

"ಸಾವ್ಕಾರ್ರ, ಹೇಳೂದೆಲ್ಲಾ ಇದರಾಗ ಬರಕೊಂಡೇನಿ," ಎಂದಳು.

"ಇರ್ಲಿ ಇರ್ಲಿ. ನಡಿ."

ಜೀಪು ಹೋಯಿತು. ನಾನು ಯಾರ್ಡಿಗೆ ಓಡಿದೆ. ನಿನ್ನೆ ಸೋಮವಾರದ ಮಾರುಕಟ್ಟೆ. ಇವತ್ತು ಆ ಮಾಲೆಲ್ಲ ಲಾರಿಗೆ ತುಂಬುವ ದಿನ. ಹಮಾಲರೆಲ್ಲ ಅಲ್ಲೇ ಇದ್ದರು. ಅವರ ಮುಖಂಡ ಶಂಕ್ರಪ್ಪ, ಮೈಲಪ್ಪನ ಜೋಡಿ ಇಪ್ಪತ್ತು ವರ್ಷ ಚೀಲ ಹೊತ್ತವನು.

"ಮೈಲಪ್ಪನ ಕಣ್ಣ ತಗದಾಂವ ಯಾರು ಗೊತ್ತೇನ?" ಎಂದೆ. ಹೇಳಿದೆ.

ಅವನು ಬಾಯಲ್ಲಿದ್ದ ಎಲೆ ಅಡಿಕೆ ಉಗುಳಿದ. ಚೀಲ ಎಳೆಯುವ ಕೊಕ್ಕೆ ಸೊಂಟದಿಂದ ತೆಗೆದ. ಹಿಂದೆ ಹದಿನೆಂಟು ಜನ ಎದ್ದರು.

ಕಾವಲಿಗಿದ್ದ ಇಬ್ಬರಲ್ಲಿ ಒಬ್ಬ ನನ್ನ ಹೊಟ್ಟೆಗೆ ಗುದ್ದಿದ. ನಾನು ಅವನ ಮೂಗಿಗೆ. ಲೆಕ್ಕ ಸರಿಹೋಯಿತು. ಇನ್ನೊಬ್ಬ ಕೊಕ್ಕೆಗಳನ್ನು ನೋಡಿ ತಾನೇ ಕೀಲಿ ಕೊಟ್ಟ.

ಚೇಂಬರಿನ ಬಾಗಿಲು ತೆಗೆದರೆ ಎಲುಬಿಗೆ ತಾಗುವ ಥಂಡಿ. ಕೊನೆಯ ಗೋಡೆಗೆ ಚಾವಣಿ ಮುಟ್ಟುವಷ್ಟು ಚೀಲ. ಕೋಣೆಯ ಬಾಗಿಲು ಅದರ ಹಿಂದೆ. ಆ ಪಾಪಿಗಳು ಆಗಲೇ ಪೇರಿಸಿಬಿಟ್ಟಿದ್ದರು!

"ಎಳೀರಿ!" ಎಂದ ಶಂಕ್ರಪ್ಪ.

ನನ್ನ ಕಿವಿಯಲ್ಲಿ ಇಯರ್‌ಫೋನ್. ರೆಸಾರ್ಟಿನ ಚಪ್ಪಾಳೆ. ಆಮೇಲೆ ಅವಳ ಧ್ವನಿ, ಮೊದಲು ನಡುಗುತ್ತ...

"ನಮಸ್ಕಾರ್ರಿ. ಸ್ಪೇನಿನ ಉತ್ತರಕ್ಕ ರಿಯೋಹಾ. ನಮ್ಮ ವರದಾ ಇದ್ದಂಗ ಅಲ್ಲಿ ಎಬ್ರೊ ಅಂತ ಹೊಳಿ. ಅದರ ದಂಡಿಗುಂಟ ದ್ರಾಕ್ಷಿ. ಮ್ಯಾಲ ಗುಡ್ಡದ ಸಾಲು. ಸಮುದ್ರದ ಥಂಡಿ ಗಾಳಿ ಆ ಗುಡ್ಡಕ್ಕ ತಡದು ನಿಲ್ಲತೈತಿ..."

ಧೊಪ್! ಮೊದಲ ಚೀಲ. ಧೊಪ್! ಎರಡನೆಯದು.

"...ಮುಖ್ಯ ಹಣ್ಣು ತೆಂಪ್ರಾನಿಯೊ. ಬಾಕಿ ದ್ರಾಕ್ಷಿಗಿಂತ ಲಗೂ ಹಣ್ಣಾಗತೈತಿ, ಅದಕ್ಕ ಆ ಹೆಸರು. ಪೂರ್ವದ ಕಡೆ ಬಿಸಲ ಜಾಸ್ತಿ, ಅಲ್ಲಿ ಗಾರ್ನಾಚಾ. ಬಿಳೀ ವೈನಿಗೆ ವಿಯುರಾ..."

"ಭರಮವ್ವಾ! ಯವ್ವಾ!" ಕೂಗಿದೆ. ಉತ್ತರವಿಲ್ಲ.

"ಸಾಕವಾ, ಬಾಟ್ಲಿ ತಗಿ," ಸಾವ್ಕಾರನ ಪಿಸುಮಾತು ಫೋನಿನಲ್ಲೂ ಕೇಳಿಸಿತು.

"ಸಾವ್ಕಾರ್ರು ಗಡಿಬಿಡಿ ಮಾಡಾಕತ್ತಾರ," ಎಂದಳು ಮೈಕಿನಲ್ಲೇ. ಜನ ನಕ್ಕರು. "ರಿಯೋಹಾದಾಗ ಗಡಿಬಿಡಿ ನಡಿಯೂದಿಲ್ರಿ. ಕಾಯೂದ ಅಲ್ಲಿ ಕೆಲಸ. ಎಳೇದು ಹಸರ ಮುದ್ರಿ. ಕ್ರಿಯಾನ್ಸಾ ಎರಡ್ ವರ್ಷ ಕಾಯಬೇಕು, ಕೆಂಪು ಮುದ್ರಿ. ರೆಸೆರ್ವಾ ಮೂರು ವರ್ಷ..."

ಹಮಾಲರ ಬಾಯಿಂದ ಹೊಗೆಯಂತೆ ಉಸಿರು. ನಾನೂ ಚೀಲಕ್ಕೆ ಕೈ ಹಾಕಿದೆ. ಉಗುರು ಕಿತ್ತು ಬಂತು. ಸಿಗ್ನಲ್ ಕಡಿದು ಕಡಿದು ಬರುತ್ತಿತ್ತು.

"...ಅಮೆರಿಕದ ಓಕ್ ಪೀಪಾಯಿ. ಅದರಾಗ ಕುಂತ ವೈನಿಗೆ ಒಣಕೊಬ್ಬರಿ ವಾಸನಿ ಬರತೈತಿ... ಲಗ್ವಾರ್ದಿಯಾ ಅಂತ ಊರೈತಿ. ಮನಿ ಕೆಳಗ ನೆಲಮಾಳಗಿ. ನಮ್ಮಲ್ಲಿ ಜೋಳ ಇಡೂ ಹಗೇವು ಇದ್ದಂಗ, ಅಲ್ಲಿ ವೈನು... ಹಾರೊ ಅಂತ ಇನ್ನೊಂದು ಊರು. ಜೂನ್ ತಿಂಗಳಾಗ ಹೋಳಿ ಆಡಿದಂಗ ವೈನ್ ಉಗ್ಗಿಕೊಂಡು ಆಡ್ತಾರ..."

ಹುಡುಗಿ ಉಸಿರು ತೆಗೆದುಕೊಳ್ಳದೆ ಮಾತಾಡುತ್ತಿದ್ದಳು. ಊರು ಮುಗಿಯಿತು, ಹೊಳೆ ಮುಗಿಯಿತು, ಪೀಪಾಯಿ ಮುಗಿಯಿತು. ಧ್ವನಿ ಸೋಲುತ್ತಿತ್ತು. ಇನ್ನು ಏನು ಹೇಳುತ್ತಾಳೆ? ನನ್ನ ಕಣ್ಣಲ್ಲಿ ನೀರು ಬಂತು, ಮೆಣಸಿನಕಾಯಿಗಲ್ಲ.

ಕೊನೆಯ ಚೀಲ ಉರುಳಿತು. ಶಂಕ್ರಪ್ಪ ಕೊಕ್ಕೆ ಹಾಕಿ ಬಾಗಿಲು ಕಿತ್ತ.

ಒಳಗೆ ಡ್ರಮ್ಮುಗಳು. ನೀಲಿ ಮುದ್ರೆಗಳ ಕಟ್ಟು. ಮೂಲೆಯಲ್ಲಿ ಭರಮವ್ವ, ಖಾಲಿ ಚೀಲ ಹೊದ್ದು ಮುದುರಿ ಕೂತಿದ್ದಳು. ತುಟಿ ನೀಲಿ.

"ಯವ್ವಾ, ಏಳು!"

ಕಣ್ಣು ತೆರೆದಳು. "ಇಷ್ಟೊತ್ತು ಏನ್ ಕಿಸಿಯಾಕತ್ತಿದ್ರ್ಯೋ..." ಎಂದಳು ಹಲ್ಲು ಕಟಕಟಿಸುತ್ತ. ಆ ಬೈಗುಳ ಕೇಳಿ ಹದಿನೆಂಟು ಹಮಾಲರು ಕೂಗಿದ ಕೂಗಿಗೆ ಚೇಂಬರೇ ಅದುರಿತು!

ಹೊರಗೆ ಬಿಸಿಲಿಗೆ ತಂದೆವು. ಅವಳ ಕೈಗೆ ಚಹ ಕೊಟ್ಟು ಫೋಟೊ ತೆಗೆದೆ. ಒಂದನ್ನು ಸುಚಿತ್ರಾಗೆ ಕಳಿಸಿದೆ. ಡ್ರಮ್ಮುಗಳದ್ದನ್ನು ಅಫ್ರೀನ್ ಮೇಡಂಗೆ.

ಅವಳು ಫೋಟೊ ತೆರೆದ ಗುರುತು ಬಂತು. ಆಮೇಲೆ ಸುಚಿತ್ರಾ ಮಾತಾಡಿದಳು. ಧ್ವನಿಯಲ್ಲಿ ನಡುಕ ಇರಲಿಲ್ಲ.

"ಈಗ ಗ್ಲಾಸ್ ಎತ್ರಿ. ಕುಡೀಬ್ಯಾಡ್ರಿ! ಬೆಳಕಿಗೆ ಹಿಡೀರಿ. ಹನ್ನೆರಡು ವರ್ಷದ ವೈನು ಮುದುಕ ಆಗಿರಬೇಕು. ಇದು ಮೊನ್ನೆ ಯಾರ್ಡಿಗೆ ಬಂದ ಹೊಸಾ ಮೆಣಸಿನಕಾಯಿ ಬಣ್ಣ ಐತಿ. ಇದು ರಿಯೋಹಾ ಅಲ್ಲ. ಇದನ್ನ ಕುಡದ ಒಬ್ಬ ಹಮಾಲ ಆಸ್ಪತ್ರ್ಯಾಗ ಕುರುಡ ಆಗಿ ಮಲಗ್ಯಾನ!"

ಕುರ್ಚಿಗಳು ಸರಿದ ಸದ್ದು.

"ಸುಳ್ಳು! ಅಕಿಗೆ ತಲಿ ಕೆಟ್ಟೈತಿ!" ಸಾವ್ಕಾರ ಕಿರುಚಿದ.

"ಹಂಗಾರ ನೀವ ಕುಡೀರಿ. ಒಂದ ಗುಟುಕು. ಗುಟುಕಿಗೆ ಏನ್ ಆಗತೈತಿ ಅಂದಿದ್ರಿ?"

"ಹೌದ್ರಿ, ಕುಡೀರಿ," ಎಂದ ಯಾರೋ ಹೊಟೇಲಿನವನು. ಇನ್ನೊಬ್ಬ, ಮತ್ತೊಬ್ಬ. "ಕುಡೀರಿ ಸಾವ್ಕಾರ್ರ!"

ಸಾವ್ಕಾರ ಕೆಮ್ಮಿದ. "ಅಲ್ರಿ... ಇವತ್ತ ಸೋಮವಾರ... ನಂದು ಉಪವಾಸ..."

"ಇವತ್ತ ಮಂಗಳವಾರ ಐತ್ರಿ," ಎಂದಳು ಸುಚಿತ್ರಾ.

ನಾನು ಹೈವೇ ರೆಸಾರ್ಟು ಮುಟ್ಟುವಷ್ಟರಲ್ಲಿ ಅಫ್ರೀನ್ ಮೇಡಂ ಸಾವ್ಕಾರನನ್ನು ಪೊಲೀಸ್ ಜೀಪಿನಲ್ಲಿ ಕೂರಿಸಿದ್ದರು. ವೀರೇಂದ್ರ ಊದಿದ ಕಣ್ಣಿನಲ್ಲೇ ಪೆಟ್ಟಿಗೆ ಎಣಿಸುತ್ತಿದ್ದ. ಸುಚಿತ್ರಾ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಅವ್ವನ ಹತ್ತಿರ ಬೈಸಿಕೊಂಡು ಅಳುತ್ತಿದ್ದಳು. ಅಷ್ಟೊತ್ತಿಗೆ ಆಸ್ಪತ್ರೆಯಿಂದ ಮೈಲಪ್ಪನ ಹೆಂಡತಿಯ ಕರೆ ಬಂತು. ಬಲಗಣ್ಣಿಗೆ ನೆರಳು ಕಾಣುತ್ತದಂತೆ. ಎಡಗಣ್ಣು ಇಲ್ಲ. ಇಷ್ಟೆಲ್ಲ ಮಾಡಿದರೂ ಸಿಕ್ಕಿದ್ದು ಅರ್ಧ ನೆರಳು! ನನಗೆ ಸಮಾಧಾನವಾಯಿತು ಅಂತ ತಿಳಿಯಬೇಡಿ. ಆಗಲಿಲ್ಲ.

ಜೀಪಿನ ಹತ್ತಿರ ಹೋದೆ. ಸಾವ್ಕಾರನ ತುಟಿ ಒಣಗಿ ಬಿರಿದಿತ್ತು.

"ಮೈಲಾರೆಪ್ಪಾ... ಗಂಟಲ ಹತ್ತಾಕತ್ತೈತೋ. ಕುಡ್ಯಾಕ ಏನರ ಕೊಡೋ."

ಒಳಗಿನ ಟೇಬಲ್ ಮೇಲೆ ಅವನು ಮುಟ್ಟದೆ ಬಿಟ್ಟ ಗ್ಲಾಸು ಹಾಗೇ ಇತ್ತು. ತಂದು ಅವನ ಮೂಗಿನ ಕೆಳಗೆ ಹಿಡಿದೆ.

"ಕುಡೀರಿ ಸಾವ್ಕಾರ್ರ. ಇವತ್ತ ಉಪವಾಸ ಇಲ್ಲ."